ತಲೆ ಸಿಗದ ಡೈನೋಸಾರ್

ತೊಂಬತ್ತರ ದಶಕದ ನಡುವಿನ ಒಂದು ದಸರಾ. ಅಮೆರಿಕದ ರಾಕ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅತ್ತೆ ಗೊಂಬೆ ಕೂರಿಸಿದ್ದರು. ಮೈಸೂರಿನಿಂದ ಸೀರೆಗಳ ಮಡಿಕೆಯಲ್ಲಿ ಸುತ್ತಿ ತಂದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ. ಕೆಳಗೆ, ಕೇಕಿನ ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕು. ಮೂರನೇ ಕ್ಲಾಸಿನ ಮಗಳು ಅಲ್ಲಿಡಲು ಜೇಡಿಮಣ್ಣಿನ ಪ್ರಾಣಿಯೊಂದನ್ನು ಮಾಡಿ ತಂದಳು. ಆನೆಯಂಥ ಕಾಲು, ಉದ್ದ ಬಾಲ, ಉದ್ದ ಕತ್ತು. ಕತ್ತು ಮುಗಿದಲ್ಲಿ ಏನೂ ಇರಲಿಲ್ಲ.

“ಇದೇನೇ, ತಲೆ ಮುರ್ಕೊಂಡು ತಂದಿದೀಯ? ಭಿನ್ನ ಆದ ಗೊಂಬೆ ಕೂರಿಸಬಾರದು ಕಣೇ,” ಎಂದರು ಅತ್ತೆ.

“ಇಟ್ಸ್ ನಾಟ್ ಬ್ರೋಕನ್, ಅಜ್ಜಿ. ತಲೆ ಸಿಕ್ಕಿಲ್ಲ. ಯಾರಿಗೂ.”

ಅವಳು ತಂದಿದ್ದ ಲೈಬ್ರರಿ ಪುಸ್ತಕವನ್ನು ನಾನು ತೆರೆದೆ. ಬರಪಾಸಾರಸ್. ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳಲ್ಲಿ ತೀರಾ ಹಳೆಯವುಗಳ ಪೈಕಿ ಒಂದು. ಕಾಲು, ಬೆನ್ನಿನ ಮೂಳೆಗಳು ಸಿಕ್ಕಿವೆ. ತಲೆಯದೆಂದರೆ ಕೆಲವು ಹಲ್ಲು ಮಾತ್ರ. ಪಕ್ಕದ ಚಿತ್ರದಲ್ಲಿ ಮಾತ್ರ ಕಣ್ಣು ಮೂಗು ಸಮೇತ ಪೂರ್ತಿ ತಲೆಯಿತ್ತು.

“ಇಲ್ಲಿ ತಲೆ ಬರೆದಿದಾರಲ್ಲೇ?” ಎಂದೆ.

“ಅದು ಗೆಸ್, ಅಮ್ಮ. ನಾನು ಗೆಸ್ ಮಾಡಲ್ಲ.”

ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಕುಳಿತು, ಖಚಿತವಿಲ್ಲದ ಸುದ್ದಿಯನ್ನು ಹೊಡೆದುಹಾಕುತ್ತಿದ್ದ ನಾನು ಪುಸ್ತಕ ಮುಚ್ಚಿಟ್ಟೆ.

“ಒಂದು ಉಂಡೆ ಅಂಟಿಸಿದ್ರೆ ಆಯ್ತಪ್ಪ. ಅದೇನು ಎದ್ದು ಬಂದು ಕೇಳುತ್ತಾ?” ಎಂದರು ಅತ್ತೆ.

ಮಗಳು ಗೊಂಬೆಯನ್ನು ಎದೆಗೊತ್ತಿಕೊಂಡು ತನ್ನ ಕೋಣೆಯತ್ತ ನಡೆದಳು.

“ನಿಲ್ಲೇ! ಯಾವೂರಿಂದು ಇದು?” ಎಂದರು ಅತ್ತೆ.

“ಇಂಡಿಯಾ. ಗೋದಾವರಿ ಹತ್ರ.”

“ಅಯ್ಯೋ, ನಮ್ ಕಡೇದಾ? ಮಾಂಸ ತಿಂತಿತ್ತಾ?”

“ಇಲ್ಲ. ಓನ್ಲಿ ಸೊಪ್ಪು.”

“ನಮ್ಮೋರೇ ಬಿಡು! ಅಷ್ಟುದ್ದ ಕತ್ತು ಯಾಕಂತೆ?”

“ದೂರದ ಎಲೆ ತಿನ್ನಕ್ಕೆ.”

ಅತ್ತೆ ಹೊರಗೆ ಹೋಗಿ, ಕೆಂಪಾಗತೊಡಗಿದ್ದ ಮೇಪಲ್ ಮರದ ರೆಂಬೆಯೊಂದನ್ನು ಮುರಿದು ತಂದು ರಾಗಿ ಪೈರಿನ ನಡುವೆ ನೆಟ್ಟರು. “ಇಲ್ಲಿ ನಿಲ್ಲಿಸು. ತಿನ್ನಲಿ.” ಕತ್ತಿನ ತುದಿ ಎಲೆಗಳೊಳಗೆ ಮರೆಯಾಯಿತು. ಮಗಳು ನೆಲದ ಮೇಲೆ ಮಲಗಿ ಎಡದಿಂದ, ಬಲದಿಂದ ಪರೀಕ್ಷಿಸಿ, “ಓಕೆ, ಅಜ್ಜಿ,” ಎಂದಳು.

ಸಂಜೆ ಅರಿಸಿನ ಕುಂಕುಮಕ್ಕೆ ಬಂದವರಲ್ಲಿ ಒಬ್ಬರು, “ಇದರ ಮುಖ ಹೇಗಿದೆ ನೋಡೋಣ,” ಎಂದು ಎಲೆ ಸರಿಸಲು ಕೈ ಚಾಚಿದರು.

“ಇನ್ನೂ ಸಿಕ್ಕಿಲ್ಲ, ಆಂಟಿ,” ಎಂದಳು ಮಗಳು. “ಹುಡುಕ್ತಾ ಇದಾರೆ.”