ಸೂಜಿಗಲ್ಲಿಗೆ ಕುಂಕುಮ

“ಸಾಹೇಬ್ರ, ಬೂಟ ಕಳದ ಮುಟ್ರಿ!”

ನಾನು ಹಾಗೆ ಕೂಗಿದ್ದೇ ತಡ, ವಿಜ್ಞಾನದ ಪೆಟ್ಟಿಗೆಗೆ ಕೈಹಾಕಿದ್ದ ಶಾಲಾ ಇನ್‌ಸ್ಪೆಕ್ಟರರು ಬೆಚ್ಚಿ ಹಿಂದೆ ಸರಿದರು. ನಮ್ಮ ಹೆಡ್‌ಮಾಸ್ತರರ ಮುಖ ಬಿಳಚಿಕೊಂಡಿತು. ಅದು ಅರವತ್ತರ ದಶಕ. ಮಮದಾಪುರದ ಆಚೆಗಿನ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನಾಗ ನಾಲ್ಕನೆಯ ಇಯತ್ತೆಯ ಹುಡುಗಿ. ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸಲೆಂದು ಗೋಕಾಕದಿಂದ ಬಂದಿದ್ದ ಆ ಪೆಟ್ಟಿಗೆ, ಹಾಳಾದೀತೆಂಬ ಭಯಕ್ಕೆ ಕಪಾಟಿನಲ್ಲೇ ಇರುತ್ತಿತ್ತು. ವರ್ಷಕ್ಕೊಮ್ಮೆ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಹೊರಬಂದು, ಕುಡಗೋಲು ಕೊಡಲಿಗಳ ಸಾಲಿನಲ್ಲಿ ಕೂತು ಪೂಜೆ ಮಾಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಇನ್‌ಸ್ಪೆಕ್ಟರರು ಅದರೊಳಗಿನ ಸೂಜಿಗಲ್ಲನ್ನು ಎತ್ತಿ ಹಿಡಿದು, “ಇದರಿಂದ ಏನ್ ಮಾಡ್ತಾರವ್ವಾ?” ಎಂದು ನನ್ನನ್ನೇ ಕೇಳಿದರು.

“ಕುಂಕುಮ ಹಚ್ಚಿ ಕಾಯಿ ಒಡೀತಾರ್ರಿ.”

ಅವರು ನಗಲಿಲ್ಲ. ಈಗ ನಿಜವಾಗಿಯೂ ಬೂಟು ಕಳಚಿದರು, ಭಕ್ತಿಯಿಂದಲ್ಲ. ಸೂಜಿಗಲ್ಲನ್ನು ಬೂಟಿನ ಸವೆದ ಹಿಮ್ಮಡಿಗೆ ಹಿಡಿದಾಗ, ಸಡಿಲಾಗಿದ್ದ ಮೊಳೆಯೊಂದು ಟಕ್ಕನೆ ಹೊರಬಂದು ಅಂಟಿಕೊಂಡಿತು. ತರಗತಿಯೆಲ್ಲ ಹೋ ಎಂದಿತು. ಮೊಳೆಯನ್ನು ನಮಗೇ ಬಿಟ್ಟು ಅವರು ಹೊರಟುಹೋದರು.

ಮುಂದಿನ ಖಂಡೆ ಪೂಜೆಗೆ ಮಾಸ್ತರರು ಸೂಜಿಗಲ್ಲಿನ ಪಕ್ಕದಲ್ಲಿ ಆ ಮೊಳೆಯನ್ನೂ ಇಟ್ಟು ಕುಂಕುಮ ಹಚ್ಚಿದರು. ನಮ್ಮ ಶಾಲೆಯಲ್ಲಿ ವಿಜ್ಞಾನ ಆ ವರ್ಷ ಒಂದು ಮೊಳೆಯಷ್ಟು ಮುಂದೆ ಹೋಗಿತ್ತು.