ಮೇಲಿನಹಟ್ಟಿಗೆ ಬಾರದ ತೊಟ್ಟಿಲುಗಾಡಿ

ಹೊಸದುರ್ಗದ ಕಡೆ ಗುಡ್ಡದ ನೆತ್ತಿಯ ಮೇಲಿನಹಟ್ಟಿಯಲ್ಲಿ ಉಚ್ಚಂಗೆಮ್ಮ ಅಂಗನವಾಡಿ ನಡೆಸುತ್ತಿದ್ದಳು. ಊರಿನ ಜನ ಎಷ್ಟೆಂದು ಕೇಳಿದರೆ ಅಂಗನವಾಡಿಯ ಲೆಕ್ಕದ ಪುಸ್ತಕ ತೆರೆಯದೆ ಹೇಳುವಳು: ಇನ್ನೂರ ಎಂಬತ್ತಾರು. ಹೈಸ್ಕೂಲು ಕೆಳಗಿನ ಊರಲ್ಲಿ. ಇಳಿಯಲು ಒಂದೂವರೆ ತಾಸು, ಹತ್ತಲು ಎರಡು. ಏಳನೇ ತರಗತಿ ಮುಗಿಸಿದ ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಮಗಳು ರಮ್ಯಾ 2002ರಲ್ಲಿ ಆರನೇ ತರಗತಿ.

ಕಾಡಿನ ಜಾಗವೆಂದು ರಸ್ತೆಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಆ ವರ್ಷ ಬಂದ ಎಂಜಿನಿಯರೊಬ್ಬರು ಎದುರು ಗುಡ್ಡದ ಗಾಳಿಯಂತ್ರಗಳನ್ನು ತೋರಿಸಿ, "ಅದೇ ಕರೆಂಟಲ್ಲಿ ತಂತಿ ಮೇಲೆ ತೊಟ್ಟಿಲುಗಾಡಿ ಓಡಿಸಬಹುದಮ್ಮ. ಹೊಗೆ ಇಲ್ಲ, ಡೀಸೆಲ್ ಇಲ್ಲ. ಐದು ಕಂಬ ಸಾಕು, ಒಂಬತ್ತು ನಿಮಿಷಕ್ಕೆ ಕೆಳಗಿರ್ತೀರಿ" ಎಂದರು. ಉಚ್ಚಂಗೆಮ್ಮ ಅವರ ಅಳತೆಯ ಟೇಪು ಹಿಡಿದು ಇಡೀ ದಿನ ಮುಳ್ಳುಕಂಟಿಯಲ್ಲಿ ನಡೆದಳು.

ಗಾಡಿ ಮಂಜೂರಾಗಲು ಇನ್ನು ಉಳಿದದ್ದು ಊರಿನ ಜನರ ಎಣಿಕೆ. ಎಣಿಸುವವರು ಹೇಳದೆ ಬಂದರು. ಅಂದು ಊರಿನ ಹೊರಬೀಡು. ರೋಗರುಜಿನ ಬಾರದಿರಲೆಂದು ಇಡೀ ಊರು ಕುರಿ, ಕೋಳಿ, ನಾಯಿ ಸಮೇತ ಹೊರಬಿದ್ದು, ಊರಬಾಗಿಲಿಗೆ ಮುಳ್ಳು ಹಚ್ಚಿ, ಗುಡ್ಡದಾಚೆ ಅಟ್ಟುಂಡು ಸಂಜೆ ಮರಳುವ ದಿನ. ಬಂದವರು ಮುಳ್ಳು ನೋಡಿದರು, ಬೀಗ ನೋಡಿದರು, 'ಬೇಚರಾಕ್' ಎಂದು ಬರೆದುಕೊಂಡು ಹೋದರು. ಜನವಸತಿ ಇಲ್ಲದ ಊರು.

ಉಚ್ಚಂಗೆಮ್ಮ ಪುಸ್ತಕ ಹೊತ್ತು ನಾಲ್ಕು ಸಲ ಚಿತ್ರದುರ್ಗದ ಕಚೇರಿಗೆ ಹೋದಳು.

"ಈ ಲೆಕ್ಕ ಅಂಗನವಾಡೀದು, ನಮಗೆ ನಡೆಯಲ್ಲ" ಎಂದ ಗುಮಾಸ್ತ.

"ಹಂಗಾರೆ ನಿಮ್ಮ ಮುಂದೆ ನಿಂತಿರೋಳು ಯಾರ್ರಿ?"

"ನೀವಿದ್ದೀರಮ್ಮ. ಊರಿಲ್ಲ."

ಊರವರೆಲ್ಲರ ಹೆಸರು ಬರೆದು ಅರ್ಜಿ ಕಳಿಸಿದಳು. 2004ರ ಜೂನಿನಲ್ಲಿ ರಮ್ಯಾ ಎಂಟನೇ ತರಗತಿಗೆ ನಡೆದೇ ಹೋಗತೊಡಗಿದಳು. ಆಗಸ್ಟಿನಲ್ಲಿ, ಮಬ್ಬುಗತ್ತಲಲ್ಲಿ ಹತ್ತಿ ಬರುವಾಗ ಬಂಡೆಯಿಂದ ಜಾರಿ ಮೊಣಕಾಲು ಒಡೆದುಕೊಂಡಳು. ಅಪ್ಪ ಮುರುಗಪ್ಪ, "ಗಾಡಿ ಬರುತ್ತೆ ಅಂತ ಕಾಗದ ಬಂದರೆ ಹೋಗ್ಲಿ. ಇಲ್ಲಾಂದ್ರೆ ಬ್ಯಾಡ" ಎಂದುಬಿಟ್ಟ.

ಅಕ್ಟೋಬರಿನಲ್ಲಿ ಅಂಚೆಯ ಕಾಟಯ್ಯ ಏದುಸಿರು ಬಿಡುತ್ತ ರಿಜಿಸ್ಟರ್ ಕಾಗದ ತಂದ. ಸಹಿಗೆ ಮೊದಲೇ ಉಚ್ಚಂಗೆಮ್ಮ ಒಡೆದು ಓದಿದಳು: 'ಸದರಿ ಗ್ರಾಮದಲ್ಲಿ ಜನವಸತಿ ಇಲ್ಲದ ಕಾರಣ, ಗ್ರಾಮಸ್ಥರ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.'

"ಯಾರೂ ಇಲ್ಲದೂರಿಗೆ ಎರಡು ತಾಸು ಗುಡ್ಡ ಹತ್ತಿ ಬಂದಿದೀಯಲ್ಲಪ್ಪ ಕಾಟಯ್ಯ, ನಿಂಗೇನು ಬಂದೈತೆ?"

"ನಂಗೇನು ಗೊತ್ತಕ್ಕ, ಅವರು ಕಳಿಸಿದ್ರು, ನಾನು ಹತ್ತಿದೆ. ಸಹಿ ಹಾಕ್ರಕ್ಕ."

"ಹಾಕಲ್ಲ. ವಾಪಸ್ ಒಯ್ಯಿ."

"ಒಯ್ದರೆ ನಾಳೆ ಮತ್ತೆ ಹತ್ತಿಸ್ತಾರೆ ನನ್ನ."

ಬೆವರಿಳಿಯುತ್ತಿದ್ದ ಅವನ ಮುಖ ನೋಡಿ ಉಚ್ಚಂಗೆಮ್ಮ ಸಹಿ ಹಾಕಿದಳು.

ರಮ್ಯಾ ಕಾಗದ ಇಸಕೊಂಡು ಓದಿದಳು. ಒಳಗೆ ಹೋಗಿ ಎಂಟನೇ ತರಗತಿಯ ಪುಸ್ತಕಗಳನ್ನು ತಂದು ಕಾಟಯ್ಯನ ಅಂಚೆಚೀಲಕ್ಕೆ ಇಳಿಸಿದಳು.

"ಸರ್ಕಾರದವು, ಮಾವ. ಇಸ್ಕೂಲಿಗೆ ಕೊಟ್ಬಿಡ್ರಿ."