ಸೇತುವೆ ಖಾಲಿ

ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳನ್ನು ನಾನು ಸುಳ್ಳುಗಾರ್ತಿ ಎಂದೆ. ಆಕೆ ಹೇಳಿದ್ದು ನಿಜವಾಗಿತ್ತು. ತಪ್ಪು ನನ್ನ ಕನ್ನಡದಲ್ಲಿತ್ತು.

ಪಂಚಗಂಗಾ ಹೊಳೆಯನ್ನು ಮುಚ್ಚುವ ತೇಲುಕಳೆಗೆ ನಮ್ಮ ಕಡೆ ಜಲಪರ್ಣಿ ಎನ್ನುತ್ತಾರೆ. ಅದು ಯಾವಾಗ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಜನರಿಂದಲೇ ತಿಳಿಯಲು ಕೊಲ್ಲಾಪುರದ ಕೆಲವು ವಿದ್ಯಾರ್ಥಿಗಳು ಒಂದು ಮೊಬೈಲ್ ಆಟ ರೂಪಿಸಿದ್ದರು. ಹೊಳೆಯ ಫೋಟೊ ತೆಗೆದು, ಕಳೆ ಎಲ್ಲಿದೆ ಎಂಬುದಕ್ಕೆ ಒಂದು ಉತ್ತರ ಒತ್ತಿದರೆ ಅಂಕ ಬರುತ್ತಿತ್ತು. ಮರಾಠಿಯಲ್ಲಿದ್ದ ಆ ಆಟವನ್ನು ಕನ್ನಡಕ್ಕೆ ತಂದವನು, ಕನ್ನಡದಲ್ಲಿ ಬಂದ ಉತ್ತರಗಳನ್ನು ಪರಿಶೀಲಿಸುತ್ತಿದ್ದವನು ನಾನು, ನಿವೃತ್ತ ಕನ್ನಡ ಶಿಕ್ಷಕ. ಮೊದಲ ಸಭೆಯಲ್ಲಿ ನನ್ನನ್ನು ಕೊನೆಯ ಸಾಲಿನಲ್ಲಿ, ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿದ್ದರು. ಅದನ್ನು ನಾನು ಮರೆತಿರಲಿಲ್ಲ. ಆದ್ದರಿಂದಲೇ ನನ್ನ ಅನುವಾದವನ್ನು ಒಮ್ಮೆ ಓದಿ ನೋಡುತ್ತೇವೆಂದು ಅವರು ಕೇಳಿದಾಗ, ಅಗತ್ಯವಿಲ್ಲ ಎಂದುಬಿಟ್ಟೆ.

ಕಳೆ ಸೇತುವೆಯ ಕೆಳಗೆ ಸಿಕ್ಕಿಕೊಂಡಿದ್ದರೆ ಒತ್ತಬೇಕಾದ ಉತ್ತರಕ್ಕೆ ನಾನು ಬರೆದದ್ದು 'ಸೇತುವೆ ಖಾಲಿ' ಎಂದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಎರಡೂ ಭಾಷೆಗಳಲ್ಲಿ ಅರವತ್ತು ವರ್ಷ ಪಳಗಿದ ನನ್ನ ನಾಲಿಗೆಗೆ ಆ ಗಡಿ ಕಾಣಲಿಲ್ಲ.

ಇಚಲಕರಂಜಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಆ ಹೆಣ್ಣುಮಗಳು ದಿನವೂ ಕೆಲಸಕ್ಕೆ ಹೋಗುವಾಗ ಸೇತುವೆಯ ಮೇಲೆ ನಿಂತು ಫೋಟೊ ಕಳಿಸುತ್ತಿದ್ದಳು. ನೀರು ತಿಳಿಯಾಗಿದ್ದ ಫೋಟೊಗಳಿಗೆ 'ಸೇತುವೆ ಖಾಲಿ' ಎಂದು ಒತ್ತಿದ್ದಳು. ಅವನ್ನೆಲ್ಲ ನಾನು ಸುಳ್ಳೆಂದು ಗುರುತು ಹಾಕಿಟ್ಟುಕೊಂಡೆ. ಹೆಚ್ಚು ಅಂಕ ಗಳಿಸಿದವರನ್ನು ಸನ್ಮಾನಿಸಲು ಕೊಲ್ಲಾಪುರದಲ್ಲಿ ಸಭೆ ಕರೆದಾಗ, ಆಕೆಯನ್ನು ಎಬ್ಬಿಸಿ ನಿಲ್ಲಿಸಿದೆ.

"ಈ ಫೋಟೊದಾಗ ಜಲಪರ್ಣಿ ಎಲ್ಲೈತವಾ? ಒಂದ ಎಲಿ ತೋರ್ಸು."

"ಇಲ್ಲಲ್ರಿ ಮಾಸ್ತರ. ಅದಕ್ಕ ಖಾಲಿ ಅಂತ ಒತ್ತೇನ್ರಿ."

"ಇಲ್ಲ ಅಂತ ನೀನ ಒಪ್ಪಿಕೊಂಡ್ಯಲ್ಲ! ಮಾರ್ಕಿನ ಆಸೇಕ ಸುಳ್ಳ ಒತ್ತೀಯೇನು?"

ಸಭೆ ನಕ್ಕಿತು. ಆಕೆಯ ಜೊತೆ ಬಂದಿದ್ದ ಮಗ್ಗದ ಹೆಂಗಸರು ತಲೆ ತಗ್ಗಿಸಿದರು. ಚಹಾ ಬರುವ ಮೊದಲೇ ಆಕೆ ಎದ್ದುಹೋದಳು. ಆಕೆಯ ಎಲ್ಲ ದಾಖಲೆಗಳನ್ನೂ ಅಳಿಸಬೇಕೆಂದು ನಾನೇ ಬರೆದುಕೊಟ್ಟೆ. ಅಂದು ಮುಂದಿನ ಸಾಲಿನಲ್ಲಿ ಕೂತಿದ್ದೆನೆಂಬುದನ್ನೂ ಹೇಳಬೇಕು.

ಕೆಲವು ವಾರಗಳ ನಂತರ ಗಡಹಿಂಗ್ಲಜದಲ್ಲಿರುವ ನನ್ನ ತಂಗಿಗೆ ಆ ಆಟ ಕಲಿಸಲು ಅಲ್ಲಿನ ಹೊಳೆಗೆ ಕರೆದೊಯ್ದೆ. ಸೇತುವೆಯ ಕೆಳಗೆ ಕಳೆಯಿಲ್ಲದೆ ನೀರು ತಿಳಿಯಾಗಿ ಹರಿಯುತ್ತಿತ್ತು. ಅವಳು ತಡಮಾಡದೆ 'ಸೇತುವೆ ಖಾಲಿ' ಒತ್ತಿದಳು.

"ಹಂಗಲ್ಲವಾ, ಅದನ್ನ ಒತ್ತಿದ್ರ ಕಳೆ ಸೇತುವಿ ಬುಡಕ ಐತಿ ಅಂತ ಆಗ್ತದ."

"ಖಾಲಿ ಅಂದ್ರ ಖಾಲಿ ಅಲ್ಲೇನೋ ಅಣ್ಣಾ? ಮರಾಠಿ ಖಾಲಿ ಬರದು ಕನ್ನಡ ಮಾಸ್ತರ ಅಂತೀಯಲ್ಲ!"

ಅವಳು ಇನ್ನೂ ನಗುತ್ತಿದ್ದಳು. ಸಭೆಯಲ್ಲಿ ಆ ಹೆಣ್ಣುಮಗಳು ಹೇಳಿದ್ದೂ ಇದನ್ನೇ. ನನಗೆ ಕುರ್ಚಿ ಕೊಟ್ಟ ರೀತಿ ವರ್ಷವಾದರೂ ನೆನಪಿತ್ತು. ಆಕೆಯ ಆ ಒಂದು ಮಾತನ್ನು ಕೇಳಿಸಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

ಕೊಲ್ಲಾಪುರಕ್ಕೆ ಫೋನ್ ಮಾಡಿ ಪದವನ್ನು ತಿದ್ದಿಸಿದೆ, ಆಕೆಯ ದಾಖಲೆಗಳು ಮರಳಿ ಸೇರುವಂತೆ ಮಾಡಿದೆ. ಮರುದಿನ ಇಚಲಕರಂಜಿಗೆ ಬಂದು ಆಕೆ ದುಡಿಯುವ ಮಗ್ಗದ ಮನೆ ಹುಡುಕಿ ಹೋದೆ. ಮಗ್ಗಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸದು.

"ತಪ್ಪ ನಂದವಾ," ಎಂದೆ.

"ಕೇಳವಲ್ದ್ರಿ. ಜೋರಾಗಿ ಹೇಳ್ರಿ."

ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಆಕೆ ಕಂಡಿಕೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಕೊಲ್ಲಾಪುರದಾಗ ಮಗ್ಗ ಇರಲಿಲ್ರಿ ಮಾಸ್ತರ. ಎಲ್ಲಾರಿಗೂ ಕೇಳಿತ್ತು. ಅಲ್ಲೇ ಹೇಳ್ರಿ."

ಆಗಲಿ ಎಂದು ತಲೆಯಾಡಿಸಿದೆ. ಅಂದಿನಿಂದ ಮೂರು ಸಲ ಆ ವಿದ್ಯಾರ್ಥಿಗಳನ್ನು ಮುಂದಿನ ಸಭೆ ಯಾವಾಗ ಎಂದು ಕೇಳಿದ್ದೇನೆ. ಸಭೆಯೇಕೆ, ಆಟದ ಮೊಬೈಲ್ ಗುಂಪಿಗೆ ಒಂದು ಮೆಸೇಜ್ ಹಾಕಿದರೆ ಸಾಕು ಎನ್ನುತ್ತಾರೆ. ಸಾಲದು ಎಂದು ಮೂರು ಸಲವೂ ಉತ್ತರಿಸಿದ್ದೇನೆ.